ಜೇನುಗೂಡಿನ ಎಚ್ಚರಿಕೆಯ ಗಂಟೆ ಕನ್ನಡದಲ್ಲಿ ಮೊಳಗಲಿ!

(ತರುಣರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಕನ್ನಡ ಹೋರಾಟದ ವೇದಿಕೆಯಲ್ಲಿ ಜೇನುನೊಣದ ಮಾತೇಕೆ ಎಂದು ನಿಮ್ಮಲ್ಲಿ ಕೆಲವರು ನಗುತ್ತಿರಬಹುದು. ನಗಿ. ಆದರೆ ಕೂತು ಕೇಳಿ. ಅಂಗಡಿಯ ನಾಮಫಲಕದಲ್ಲಿ ಕನ್ನಡ ಇದೆಯೇ ಎಂದು ನೋಡುವುದು ನಮಗೆ ರೂಢಿಯಾಗಿದೆ. ರೈತನ ಅನ್ನದ ದಾರಿಯಲ್ಲಿ ಕನ್ನಡ ಇದೆಯೇ ಎಂದು ನೋಡುವುದು ಯಾವಾಗ?

ಮೊದಲು ಒಂದು ದುರಂತವನ್ನು ನೆನಪಿಸುತ್ತೇನೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿಗೆ ಬಡಿಯಿತು. ಮರಿಹುಳುಗಳು ಎರಿಯ ಕಣ್ಣುಗಳಲ್ಲೇ ನೀರು ತುಂಬಿದ ಚೀಲದಂತಾಗಿ ಸತ್ತವು. ಪೆಟ್ಟಿಗೆಯಲ್ಲಿ ಸಾಕಿದ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ಜೇನಿಗೆ ಹೆಸರಾದ ನಮ್ಮ ಕೊಡಗಿನಲ್ಲಿ ಖಾಲಿ ಪೆಟ್ಟಿಗೆಗಳು ಉಳಿದವು. ನಷ್ಟವಾದದ್ದು ತುಪ್ಪ ಮಾತ್ರವೇ? ಅಲ್ಲ. ಏಲಕ್ಕಿಯ ಹೂವು ಕಾಯಿ ಕಟ್ಟಬೇಕಾದರೆ ಜೇನು ಬರಬೇಕು. ಕುಂಬಳ, ಸೌತೆ, ಸೂರ್ಯಕಾಂತಿಗೂ ಜೇನು ಬೇಕು. ಜೇನು ಸತ್ತರೆ ತೋಟಕ್ಕೂ ಪೆಟ್ಟು ಬೀಳುತ್ತದೆ.

ಪೆಟ್ಟಿಗೆಯ ಒಳಗಿನ ಕಾವಲುಗಾರ

ಇಂದು ಜೇನುಪೆಟ್ಟಿಗೆಯೊಳಗೆ ಸೆನ್ಸರ್ ಇಟ್ಟು ಕುಟುಂಬದ ಆರೋಗ್ಯ ನೋಡುವ ವಿದ್ಯೆ ಬೆಳೆದಿದೆ. ಇದರಲ್ಲಿ ಮಾಯ ಮಂತ್ರ ಏನೂ ಇಲ್ಲ. ಮರಿಗಳಿರುವ ಎರಿಯ ಬಿಸಿಯನ್ನು ನೊಣಗಳು 34-35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಪಾಡುತ್ತವೆ. ಹೊರಗೆ ಚಳಿ ಇರಲಿ, ಸೆಕೆ ಇರಲಿ, ಒಳಗಿನ ಬಿಸಿ ಹೆಚ್ಚು ಅಲುಗುವುದಿಲ್ಲ. ಅದು ಹೊರಗಿನ ಹವೆಯಂತೆ ಏರಿಳಿಯತೊಡಗಿದರೆ ಮರಿ ಕಡಿಮೆಯಾಗಿದೆ, ಕುಟುಂಬ ಸೊರಗಿದೆ, ಅಥವಾ ರಾಣಿ ಇಲ್ಲವಾಗಿದ್ದಾಳೆ ಎಂಬ ಅನುಮಾನ ಬರಬೇಕು. ಪೆಟ್ಟಿಗೆಯ ಅಡಿಯಲ್ಲಿ ತಕ್ಕಡಿ ಇಟ್ಟರೆ ಇನ್ನೊಂದು ಕತೆ ಹೊರಬೀಳುತ್ತದೆ. ಹೂವಿನ ಕಾಲದಲ್ಲಿ ದಿನದಿನಕ್ಕೂ ತೂಕ ಏರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇಳಿಯುತ್ತದೆ. ಇಳಿತ ಮಿತಿ ಮೀರಿದರೆ ಹಸಿವು. ಸಕ್ಕರೆ ಪಾಕ ಇಡಬೇಕು. ಒಂದೇ ಗಂಟೆಯಲ್ಲಿ ತೂಕ ದಿಢೀರನೆ ಕುಸಿದರೆ ನೊಣಗಳ ದಂಡು ಹಾರಿಹೋಗಿರಬಹುದು.

ಮೂರನೆಯದು ಸದ್ದು. ಬ್ರಿಟನ್ನಿನ ಬಿಬಿಸಿಯಲ್ಲಿ ಧ್ವನಿ ಎಂಜಿನಿಯರ್ ಆಗಿದ್ದ ಇ.ಎಫ್. ವುಡ್ಸ್ ಗೂಡಿಗೆ ಕಿವಿಕೊಟ್ಟು ಕೇಳಿದರು. ಕುಟುಂಬ ಪಾಲಾಗುವ ಮೊದಲು ಸೆಕೆಂಡಿಗೆ 225ರಿಂದ 285 ಕಂಪನಗಳ ಗುಂಯ್‌ಗುಡುವಿಕೆ ಬಲವಾಗುತ್ತದೆ ಎಂದು ಕಂಡುಕೊಂಡು, ಅದನ್ನು ಅಳೆಯುವ ಯಂತ್ರ ಮಾಡಿದರು. 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಆ ಬಗ್ಗೆ ಬರೆದರು. 2011ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದ ಮಾರ್ಟಿನ್ ಬೆಂಚಿಕ್ ಮತ್ತು ಸಂಗಡಿಗರು ಗೂಡಿನ ಕಂಪನವನ್ನು ಅಳೆದು, ಪಾಲಾಗುವುದನ್ನು ದಿನಗಳ ಮೊದಲೇ ಊಹಿಸಬಹುದೆಂದು ತೋರಿಸಿದರು.

ಯಂತ್ರಕ್ಕೆ ಕಲಿಸುವವರು ಯಾರು?

ಈಗ ನಿಜವಾದ ಪ್ರಶ್ನೆಗೆ ಬರೋಣ. ಬಿಸಿ, ತೂಕ, ಸದ್ದು – ಇವೆಲ್ಲ ಬರೀ ಅಂಕಿಗಳು. ಅಂಕಿಗೆ ಅರ್ಥ ಬರುವುದು ಪಕ್ಕದಲ್ಲಿ ಯಾರಾದರೂ ಬರೆದಾಗ: ಈ ದಿನ ರಾಣಿ ಸತ್ತಳು, ಈ ದಿನ ಮೇಣದ ಹುಳು ಬಿತ್ತು, ಈ ದಿನ ಕುಟುಂಬ ಪಾಲಾಯಿತು ಎಂದು. ಇಂಥ ನೂರಾರು ಗೂಡುಗಳ ದಿನಚರಿಯನ್ನು ನೋಡಿಯೇ ಕಂಪ್ಯೂಟರ್ ನಾಳೆಯದನ್ನು ಊಹಿಸಲು ಕಲಿಯುತ್ತದೆ. ದಿನಚರಿ ಬರೆಯುವವನು ಯಂತ್ರದ ಮೇಷ್ಟ್ರು!

ಇದುವರೆಗಿನ ಕಲಿಕೆಯಲ್ಲಿ ಬಹುಪಾಲು ಯೂರೋಪಿನ ಮೆಲ್ಲಿಫೆರಾ ಜೇನಿನ ಮೇಲೆ ನಡೆದದ್ದು. ನಮ್ಮ ತುಡುವೆಯ ದೇಹ ಚಿಕ್ಕದು, ಕುಟುಂಬ ಚಿಕ್ಕದು, ರೆಕ್ಕೆಯ ಬಡಿತ ವೇಗ. ಆಹಾರ ಕಡಿಮೆಯಾದರೆ, ಇರುವೆ, ಕಣಜ, ಮೇಣದ ಹುಳುವಿನ ಕಾಟ ಹೆಚ್ಚಾದರೆ ಇಡೀ ಸಂಸಾರವೇ ಗೂಡು ಬಿಟ್ಟು ಪರಾರಿಯಾಗುತ್ತದೆ. ಅಲ್ಲಿನ ಅಳತೆಗೋಲನ್ನು ಹಾಗೆಯೇ ತಂದು ಇಲ್ಲಿ ಇಟ್ಟರೆ ಸುಳ್ಳು ಎಚ್ಚರಿಕೆ ಬರುತ್ತದೆ. ಸುಳ್ಳು ಎಚ್ಚರಿಕೆಗೆ ಹೆದರಿ ಜಡಿಮಳೆಯಲ್ಲಿ ಪೆಟ್ಟಿಗೆ ತೆರೆದರೆ ಚೆನ್ನಾಗಿದ್ದ ಕುಟುಂಬವೂ ಕೆಡುತ್ತದೆ.

ಭಾಷೆಯ ಪ್ರಶ್ನೆ ಇರುವುದು ಇಲ್ಲೇ. ನಮ್ಮ ಜೇನುಕೃಷಿಕನಿಗೆ ‘ಪಾಲಾಯಿತು’ ಬೇರೆ, ‘ಪರಾರಿಯಾಯಿತು’ ಬೇರೆ. ಮೊದಲನೆಯದು ಸಂಸಾರ ಬೆಳೆದ ಗುರುತು. ಎರಡನೆಯದು ಸಂಸಾರ ಮುರಿದ ಗುರುತು. ಅವನ ಕೈಗೆ ಇಂಗ್ಲಿಷ್ ಗುಂಡಿಗಳ ಆ್ಯಪ್ ಒಂದನ್ನು ಕೊಟ್ಟು ಒತ್ತು ಎಂದರೆ ಅವನು ತಿಳಿಯದೆ ಯಾವುದನ್ನೋ ಒತ್ತುತ್ತಾನೆ. ಯಂತ್ರ ಆ ತಪ್ಪನ್ನೇ ಪಾಠವಾಗಿ ಕಲಿಯುತ್ತದೆ. ಅಪ್ಪ-ಅಜ್ಜಂದಿರ ಕಾಲದಿಂದ ಬಂದ ಅರಿವು ಇಂಗ್ಲಿಷಿನ ಬಾಗಿಲಲ್ಲೇ ನಿಂತುಬಿಡುತ್ತದೆ. ಆಮೇಲೆ ‘ರೈತನಿಗೆ ತಂತ್ರಜ್ಞಾನ ಒಗ್ಗುವುದಿಲ್ಲ’ ಎಂದು ಷರಾ ಬರೆಯುತ್ತಾರೆ! ಒಗ್ಗದಿರುವುದು ತಂತ್ರಜ್ಞಾನವೋ, ಅದರ ಭಾಷೆಯೋ? ನೀವೇ ಹೇಳಿ.

ಒಂದು ಎಚ್ಚರಿಕೆ. ಸೆನ್ಸರ್ ಕಾವಲುಗಾರ, ವೈದ್ಯನಲ್ಲ. ವೈರಸ್ ಅದರ ಕಣ್ಣಿಗೆ ಬೀಳುವುದಿಲ್ಲ. ಕುಟುಂಬ ಸೊರಗಿದ್ದು ಮಾತ್ರ ಕಾಣುತ್ತದೆ. ಎರಿ ಎತ್ತಿ ಮರಿಹುಳುವನ್ನು ನೋಡಿ ರೋಗ ಹೇಳುವ ಅನುಭವದ ಕಣ್ಣು ಬೇಕೇ ಬೇಕು. ಆ ಕಣ್ಣನ್ನು ಬದಿಗೊತ್ತುವ ಯಂತ್ರ ನಮಗೆ ಬೇಡ. ಅದಕ್ಕೆ ಹೆಗಲು ಕೊಡುವ ಯಂತ್ರ ಬೇಕು.

ನಿಮ್ಮ ಕೆಲಸ ಇದು

ಗೆಳೆಯರೇ, 1982ರ ಗೋಕಾಕ್ ಚಳವಳಿಯಲ್ಲಿ ಬೀದಿಗಿಳಿದವರು ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದರು. ಕಂಪ್ಯೂಟರಿಗೆ ಕನ್ನಡ ಬಾರದು ಎಂದವರಿಗೆ ಕೆ.ಪಿ. ರಾವ್ ಅವರ ಕೀಲಿಮಣೆ ಉತ್ತರ ಕೊಟ್ಟಿತು. ಮುಂದಿನ ಉತ್ತರ ನಿಮ್ಮ ಕೈಯಲ್ಲಿದೆ. ಬೆಂಗಳೂರಿನ ಕಂಪನಿಗಳಲ್ಲಿ ಪರದೇಶದ ಗಿರಾಕಿಗಾಗಿ ಹಗಲು ರಾತ್ರಿ ಪ್ರೋಗ್ರಾಂ ಬರೆಯುವ ನಿಮಗೆ, ತಿಂಗಳಿಗೆ ಎರಡು ಭಾನುವಾರ ನಾಡಿಗಾಗಿ ಬರೆಯುವುದು ಕಷ್ಟವೇ?

ನಮ್ಮ ಬೇಡಿಕೆಗಳು ಮೂರು. ಸರ್ಕಾರದ ಹಣದಲ್ಲಿ ರೈತರಿಗೆ ಕೊಡುವ ಇಂಥ ಪ್ರತಿಯೊಂದು ಉಪಕರಣವೂ ಕನ್ನಡದಲ್ಲಿ ಮಾತಾಡಬೇಕು. ಓದು ಬಾರದವರಿಗೆ ಕನ್ನಡದ ದನಿಯಲ್ಲಿ ಹೇಳಬೇಕು. ತುಡುವೆ ಗೂಡುಗಳ ಅಳತೆ ಮತ್ತು ದಿನಚರಿಯನ್ನು ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಕೂಡಿಟ್ಟು ಎಲ್ಲರಿಗೂ ತೆರೆದಿಡಬೇಕು. ರೈತನ ಗೂಡಿನ ಮಾಹಿತಿಯ ಮೇಲೆ ಮೊದಲ ಹಕ್ಕು ರೈತನದೇ ಆಗಿರಬೇಕು.

ಬೇಡಿಕೆ ಇಟ್ಟು ಸುಮ್ಮನೆ ಕೂರಬೇಡಿ. ಮುಂದಿನ ರಜೆಯಲ್ಲಿ ಕೊಡಗಿಗೋ ಶಿರಸಿಗೋ ಪುತ್ತೂರಿಗೋ ಹೋಗಿ. ಪ್ರವಾಸಕ್ಕಲ್ಲ, ಪಾಠಕ್ಕೆ. ಜೇನು ಸಾಕುವ ಹಿರಿಯರ ಪಕ್ಕ ಕೂತು ಅವರ ಮಾತುಗಳನ್ನು ಬರೆದುಕೊಳ್ಳಿ. ಗೂಡಿಗೆ ಕಾಯಿಲೆ ಬಂದಾಗ ಫೋನು ಕೂಗಬೇಕು. ಆ ಕೂಗು ಅವರಿಗೆ ಅರ್ಥವಾಗಬೇಕು. ಅಷ್ಟನ್ನು ಮಾಡಿಕೊಟ್ಟರೆ ಅದಕ್ಕಿಂತ ದೊಡ್ಡ ರಾಜ್ಯೋತ್ಸವ ಇನ್ನೊಂದಿಲ್ಲ.

ಸಿರಿಗನ್ನಡಂ ಗೆಲ್ಗೆ!