ಬಹುಜನಸಮ್ಮತನಾದ ಅರಸು

ಕೊಳ್ಳೇಗಾಲದ ಸೀಮೆಯಲ್ಲಿ, ಈಗಿನ ಹನೂರು ತಾಲ್ಲೂಕಿನ ಲೊಕ್ಕನಹಳ್ಳಿಗೆ ಸಮೀಪವಾದ ಒಡೆಯರಪಾಳ್ಯದಲ್ಲಿ ಟಿಬೆಟ್ಟಿನ ಜನರು 1970ರ ದಶಕದಿಂದ ನೆಲೆಸಿರುವರು. ಮೆಕ್ಕೆಜೋಳದ ಹೊಲಗಳ ನಡುವೆ ಅವರ ವಿಹಾರಗಳು ಎದ್ದಿವೆ. ದೊರೆತನವು ಎಲ್ಲಿಂದ ಹುಟ್ಟಿತೆಂಬ ಪ್ರಶ್ನೆಗೆ ಬೌದ್ಧರು ಕೊಟ್ಟ ಉತ್ತರವನ್ನು ನಾವು ಈ ದಿನ ವಿಚಾರಿಸೋಣ.

ಪಾಲಿಯ ದೀಘನಿಕಾಯದಲ್ಲಿ ಅಗ್ಗಞ್ಞಸುತ್ತವೆಂಬುದೊಂದುಂಟು. ಅದರ ಪ್ರಕಾರ ಆದಿಯಲ್ಲಿ ನೆಲ್ಲು ಬಿತ್ತದೆಯೇ ಬೆಳೆಯುತ್ತಿತ್ತು. ಜನರು ನಾಳೆಗೆಂದು ಕೂಡಿಡತೊಡಗಲು ಬೆಳೆ ಕುಂದಿತು. ಹೊಲಗಳಿಗೆ ಎಲ್ಲೆಗಳು ಬಿದ್ದವು. ಎಲ್ಲೆಯ ಬೆನ್ನಿಗೆ ಕಳವು, ಕಳವಿನ ಬೆನ್ನಿಗೆ ಸುಳ್ಳು, ಹೊಡೆದಾಟಗಳು ಬಂದವು. ಆಗ ಜನರು ಕೂಡಿ, ತಮ್ಮೊಳಗೆ ಯೋಗ್ಯನಾದವನೊಬ್ಬನನ್ನು ಆರಿಸಿ, ತಪ್ಪಿತಸ್ಥರನ್ನು ದಂಡಿಸುವ ಕಾರ್ಯಕ್ಕೆ ಪ್ರತಿಯಾಗಿ ನೆಲ್ಲಿನಲ್ಲಿ ಒಂದು ಪಾಲು ಕೊಡಲೊಪ್ಪಿದರು. ಅವನೇ ಮಹಾಸಮ್ಮತನು. ಟಿಬೆಟ್ಟಿನ ಭಾಷೆಯಲ್ಲಿಯೂ ಅವನ ಹೆಸರಿಗೆ ಬಹುಜನರು ಮನ್ನಿಸಿದವನೆಂದೇ ಅರ್ಥ.

ಅರಸನು ದೇವತೆಗಳ ಅಂಶಗಳಿಂದ ನಿರ್ಮಿತನಾದನೆಂದು ಮನುಸ್ಮೃತಿಯು ಹೇಳುವುದು. ಇಲ್ಲಿಯಾದರೋ ಅರಸನು ಪ್ರಜೆಗಳಿಂದ ನಿಯಮಿತನಾದವನು. ಅವನು ಪಡೆಯುವ ಪಾಲು ಕೆಲಸಕ್ಕೆ ಸಲ್ಲುವ ಕೂಲಿ.

ಆ ಕೆಲಸವು ದಂಡನೆಯಿಂದಲೇ ಮುಗಿಯುವುದೇ? ಅದೇ ನಿಕಾಯದ ಚಕ್ಕವತ್ತಿಸೀಹನಾದಸುತ್ತವು ಇಲ್ಲವೆನ್ನುವುದು. ಅಲ್ಲಿಯ ಅರಸನೊಬ್ಬನು ಪ್ರಜೆಗಳಿಗೆ ರಕ್ಷಣೆಯನ್ನು ಒದಗಿಸಿದನು, ಆದರೆ ಬಡವರಿಗೆ ಧನವನ್ನು ಕೊಡಲಿಲ್ಲ. ಬಡತನ ಹೆಚ್ಚಿತು, ಬಡತನದಿಂದ ಕಳವು ಹುಟ್ಟಿತು. ಸಿಕ್ಕಿದ ಕಳ್ಳನಿಗೆ ಅರಸನು ಹಣವಿತ್ತನು. ಅದನ್ನು ಕೇಳಿ ಇತರರೂ ಕದ್ದರು. ಬಳಿಕ ತಲೆ ಕಡಿಸಿದನು. ಅದನ್ನು ನೋಡಿ ಜನರು ತಾವೂ ಕತ್ತಿ ಹಿಡಿದರು. ಕೊಡಬೇಕಾದ ಕಾಲದಲ್ಲಿ ಕೊಡದವನ ಔದಾರ್ಯವೂ ಕಾಠಿಣ್ಯವೂ ಸಮವಾಗಿ ನಿಷ್ಫಲವಾದುವು.

ಇವು ಕಥೆಗಳು, ಇತಿಹಾಸವಲ್ಲ, ದಿಟ. ಆದರೆ ಕಥೆಯೂ ಅಧಿಕಾರಕ್ಕೆ ಅಳತೆಗೋಲಾಗಬಲ್ಲುದು. ಟಿಬೆಟ್ಟಿನಲ್ಲಿ 1642ರಲ್ಲಿ ಐದನೆಯ ದಲೈ ಲಾಮಾ ಅವರಿಗೆ ರಾಜ್ಯಾಧಿಕಾರವು ಸಂದಿತು. 1959ರಲ್ಲಿ ಭಾರತಕ್ಕೆ ಬಂದ ಹದಿನಾಲ್ಕನೆಯವರು 2011ರಲ್ಲಿ ತಮ್ಮ ರಾಜಕೀಯಾಧಿಕಾರವನ್ನು ಜನರು ಆರಿಸಿದ ನಾಯಕನಿಗೆ ಒಪ್ಪಿಸಿದರು. ಆ ನಾಯಕನನ್ನು ವಲಸೆಯ ಟಿಬೆಟ್ಟಿಗರು ತಾವಿರುವ ನೆಲೆಗಳಿಂದಲೇ ಮತವಿತ್ತು ಆರಿಸುವರು. ತಮ್ಮದಾದ ರಾಜ್ಯವಿಲ್ಲದ ಜನರಲ್ಲಿ ಮಹಾಸಮ್ಮತನ ಹೆಸರು ಹೀಗೆ ತನ್ನ ಮೊದಲಿನ ಅರ್ಥಕ್ಕೆ ಮರಳಿತೆನ್ನಬಹುದು.

ಆಳುವವರು ಯಾರೇ ಆಗಲಿ, ಅವರನ್ನು ನಾವು ಕೇಳಬೇಕಾದ ಪ್ರಶ್ನೆಗಳು ಎರಡೇ: ಯಾರ ಸಮ್ಮತಿಯಿಂದ ಆಳುತ್ತಿರುವಿರಿ? ಬಡವನಿಗೆ ಸಲ್ಲಬೇಕಾದುದು ಸಕಾಲದಲ್ಲಿ ಸಂದಿತೇ?