ಹೊಟ್ಟೆಯ ಕೊಬ್ಬು ಮತ್ತು ಊರಿನ ಚಿತ್ರ

(ದುಬಾರೆಯಲ್ಲಿ ನಡೆದ ವಿದ್ಯಾರ್ಥಿಗಳ ಪರಿಸರ ಚಿತ್ರಕಲಾ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟಿರುವ ವಿಷಯ ಬೊಜ್ಜು ಮತ್ತು ಸಕ್ಕರೆ ಕಾಯಿಲೆ. ಚಿತ್ರ ಬರೆಯಲು ಬಂದ ಮಕ್ಕಳಿಗೆ ಈ ಮಾತೇಕೆ ಎಂದು ಕೆಲವರಿಗೆ ಅನಿಸಿರಬಹುದು. ಎರಡಕ್ಕೂ ಸಂಬಂಧವಿದೆ. ಅದನ್ನು ಇಲ್ಲಿಯ ಆನೆಗಳಿಂದಲೇ ಆರಂಭಿಸುತ್ತೇನೆ.

ದುಬಾರೆಯ ಆನೆಗಳು ಮೈಸೂರು ದಸರಾಕ್ಕೆ ಹೋಗುವುದು ನಿಮಗೆಲ್ಲ ಗೊತ್ತು. ಅಲ್ಲಿಗೆ ಹೋದ ಮೇಲೆ ಮೊದಲು ಅವುಗಳ ತೂಕ ನೋಡುತ್ತಾರೆ. ಆಮೇಲೆ ಉದ್ದು, ಹೆಸರುಕಾಳು, ಗೋಧಿ, ಅಕ್ಕಿ, ತರಕಾರಿ, ಬೆಲ್ಲ, ಬೆಣ್ಣೆ ಸೇರಿದ ವಿಶೇಷ ಆಹಾರ ಕೊಡುತ್ತಾರೆ. ಕೆಲವೇ ವಾರಗಳಲ್ಲಿ ತೂಕ ಏರುತ್ತದೆ. ಆದರೆ ಮಾವುತರು ಅವನ್ನು ಕಟ್ಟಿಹಾಕಿ ತಿನ್ನಿಸುವುದಿಲ್ಲ. ಅರಮನೆಯಿಂದ ಬನ್ನಿಮಂಟಪದವರೆಗಿನ ಸುಮಾರು 5 ಕಿಲೋಮೀಟರ್ ದಾರಿಯಲ್ಲಿ ನಡಿಗೆಯ ತಾಲೀಮೂ ಇರುತ್ತದೆ. ಹಬ್ಬ ಮುಗಿದ ಮೇಲೆ ಅವು ಕಾಡಿಗೆ ಮರಳುತ್ತವೆ. ನಮ್ಮ ಸ್ಥಿತಿ ಹಾಗಿಲ್ಲ. ಮದುವೆಯ ತುಪ್ಪದನ್ನ, ಬಿರಿಯಾನಿ, ಬೇಕರಿಯ ತಿಂಡಿ ವರ್ಷವಿಡೀ ನಡೆಯುತ್ತವೆ. ನಡಿಗೆ ಮಾತ್ರ ನಿಂತುಹೋಗಿದೆ. ತೂಕ ನೋಡುವವರೂ ಇಲ್ಲ.

ಹಾಗೆಂದು ಕೊಬ್ಬು ನಮ್ಮ ಶತ್ರುವಲ್ಲ. ಅದು ದೇಹದ ಉಳಿತಾಯ. ಒಂದು ಗ್ರಾಂ ಪಿಷ್ಟದಿಂದ ಸುಮಾರು 4 ಕ್ಯಾಲೊರಿ ಶಕ್ತಿ ದೊರೆತರೆ, ಒಂದು ಗ್ರಾಂ ಕೊಬ್ಬಿನಿಂದ 9 ಕ್ಯಾಲೊರಿ ದೊರೆಯುತ್ತದೆ. ಉಪವಾಸದ ದಿನ ಯಕೃತ್ತಿನಲ್ಲಿರುವ ಸಕ್ಕರೆಯ ಸಂಗ್ರಹ ಇಳಿಯುತ್ತಾ ಬಂದಂತೆ ದೇಹ ಈ ಕೊಬ್ಬನ್ನು ಕರಗಿಸಿ ಬಳಸಿಕೊಳ್ಳುತ್ತದೆ. ಆದರೆ ಸಂಜೆ ಕರಿದ ಸಮೋಸ, ಸಿಹಿ ಶರಬತ್ತುಗಳಿಂದ ಅದರ ಎರಡರಷ್ಟು ತುಂಬಿದರೆ ಹಗಲಿನ ಲಾಭ ರಾತ್ರಿಯೇ ಹೋಗುತ್ತದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ರಂಜಾನಿಗೆ ಮುನ್ನವೇ ವೈದ್ಯರನ್ನು ಕಾಣಬೇಕು. ಕಾಯಿಲೆಯವರಿಗೆ ಧರ್ಮವೇ ರಿಯಾಯಿತಿ ಕೊಟ್ಟಿದೆ.

ಈಗ ತೊಂದರೆ ಹೇಗೆ ಶುರುವಾಗುತ್ತದೆ ನೋಡೋಣ. ನಮ್ಮ ಕೊಡಗಿನ ಕಾಫಿ ತೋಟವನ್ನು ನೆನೆಸಿಕೊಳ್ಳಿ. ಚರ್ಮದ ಕೆಳಗಿನ ಕೊಬ್ಬಿನ ಕೋಶಗಳೇ ಗೋದಾಮು. ಇನ್ಸುಲಿನ್ ಎಂಬ ಹಾರ್ಮೋನು ತೋಟದ ರೈಟರಿದ್ದಂತೆ. ಊಟವಾದ ಮೇಲೆ ಅದು ಸಕ್ಕರೆಯನ್ನು ಸ್ನಾಯುಗಳಿಗೆ ಕಳುಹಿಸುತ್ತದೆ, ಯಕೃತ್ತಿಗೆ ‘ಇನ್ನು ಸಕ್ಕರೆ ತಯಾರಿಸಬೇಡ’ ಎಂದು ಹೇಳುತ್ತದೆ, ಕೊಬ್ಬಿನ ಗೋದಾಮಿಗೆ ಬೀಗ ಹಾಕುತ್ತದೆ. ಗೋದಾಮು ತುಂಬಿದ ಮೇಲೂ ಮೂಟೆಗಳು ಬರುತ್ತಲೇ ಇದ್ದರೆ ಅವನ್ನು ಅಡುಗೆಮನೆ, ಮಲಗುವ ಕೋಣೆಗಳಲ್ಲಿ ಇಡಬೇಕಾಗುತ್ತದೆ. ಹಾಗೆಯೇ ಕೊಬ್ಬು ಹೊಟ್ಟೆಯೊಳಗೆ, ಯಕೃತ್ತಿನಲ್ಲಿ, ಸ್ನಾಯುಗಳಲ್ಲಿ, ಮೇದೋಜೀರಕ ಗ್ರಂಥಿಯಲ್ಲಿಯೂ ಕೂಡಿಕೊಳ್ಳುತ್ತದೆ. ಆಗ ರೈಟರನ ಮಾತು ನಡೆಯುವುದಿಲ್ಲ. ಕೊಬ್ಬಿನ ಆಮ್ಲಗಳು ರಕ್ತಕ್ಕೆ ಸೋರುತ್ತವೆ. ಯಕೃತ್ತು ಬೇಡವೆಂದರೂ ಸಕ್ಕರೆ ತಯಾರಿಸುತ್ತದೆ, ಸ್ನಾಯು ಅದನ್ನು ಸರಿಯಾಗಿ ತೆಗೆದುಕೊಳ್ಳುವುದಿಲ್ಲ. ಮೇದೋಜೀರಕ ಗ್ರಂಥಿ ಹೆಚ್ಚು ಹೆಚ್ಚು ಇನ್ಸುಲಿನ್ ಕೊಟ್ಟು ಕೊನೆಗೆ ಸೋಲುತ್ತದೆ. ದೊಡ್ಡವರಲ್ಲಿ ಹೆಚ್ಚಾಗಿ ಕಾಣುವ ಎರಡನೆಯ ಬಗೆಯ ಮಧುಮೇಹ ಇದು. ಹೆಸರಿನಲ್ಲಿ ಸಕ್ಕರೆ ಇದ್ದರೂ ಇದು ಕೊಬ್ಬಿನ ಕಾಯಿಲೆಯೂ ಹೌದು.

‘ನಾನು ದಪ್ಪವಿಲ್ಲ, ನನಗೆ ಬರುವುದಿಲ್ಲ’ ಎಂದು ಹೇಳುವವರಿದ್ದಾರೆ. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಚಿತ್ರ ಪ್ರಕಟವಾಯಿತು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಇಂಗ್ಲೆಂಡಿನ ಜಾನ್ ಯುಡ್ಕಿನ್. ಎತ್ತರಕ್ಕೆ ತಕ್ಕ ತೂಕದ ಲೆಕ್ಕವಾದ ಬಿ.ಎಂ.ಐ. ಇಬ್ಬರಿಗೂ 22.3. ಆದರೆ ದೇಹದ ಕೊಬ್ಬು ಯುಡ್ಕಿನ್‌ರಲ್ಲಿ ಶೇ. 9.1, ಯಾಜ್ಞಿಕ್‌ರಲ್ಲಿ ಶೇ. 21.2! ನೋಟಕ್ಕೆ ತೆಳ್ಳಗಿರುವ ಭಾರತೀಯರ ಒಳಗೆ ಕೊಬ್ಬು ಅಡಗಿರಬಹುದು ಎಂದು ಆ ಚಿತ್ರ ತೋರಿಸಿತು. ಆದ್ದರಿಂದಲೇ ನಮ್ಮಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು ಎಂದು ಹೇಳುತ್ತೇವೆ.

ಇದರ ಬೇರು ತಾಯಿಯ ಗರ್ಭದವರೆಗೂ ಹೋಗುತ್ತದೆ. ನಮ್ಮ ಪಕ್ಕದ ಮೈಸೂರಿನಲ್ಲಿ, ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, 1997-98ರಲ್ಲಿ ಗರ್ಭಿಣಿಯರ ಅಧ್ಯಯನವೊಂದು ಶುರುವಾಯಿತು. ನೂರರಲ್ಲಿ ಸುಮಾರು ಆರು ಮಂದಿಗೆ ಗರ್ಭಾವಸ್ಥೆಯ ಮಧುಮೇಹ ಕಂಡಿತು. ಅಲ್ಲಿ ಹುಟ್ಟಿದ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ಹಗುರವಾಗಿದ್ದರೂ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಕಡಿಮೆ ಇರಲಿಲ್ಲ. ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ 5 ವರ್ಷ ತುಂಬುವಾಗಲೇ ಹೆಚ್ಚು ಕೊಬ್ಬು ಕಾಣಿಸಿಕೊಂಡಿತು. ಅಂದರೆ ಇಂದಿನ ವಿದ್ಯಾರ್ಥಿನಿಯ ಆರೋಗ್ಯ ನಾಳಿನ ತಲೆಮಾರಿನ ಆರೋಗ್ಯ. ಮದುವೆಯ ಮಾತುಕತೆಗೆ ಅಡ್ಡಿಯಾದೀತೆಂದು ಹೆಣ್ಣುಮಕ್ಕಳ ಸಕ್ಕರೆ ಕಾಯಿಲೆಯನ್ನು ಮುಚ್ಚಿಡುವ ಮನೆಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ. ಮುಚ್ಚಿಟ್ಟ ಕಾಯಿಲೆ ತಾಯಿಯನ್ನೂ ಮಗುವನ್ನೂ ಕಾಡುತ್ತದೆ.

ಪರಿಹಾರವಿದೆಯೇ? ಇದೆ. ರಕ್ತದ ಸಕ್ಕರೆ ಅಂಚಿನಲ್ಲಿದ್ದ ಭಾರತೀಯರ ಮೇಲೆ ಚೆನ್ನೈಯ ವೈದ್ಯರು ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಸುಮಾರು ಮೂರು ವರ್ಷಗಳಲ್ಲಿ, ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ ನೂರಕ್ಕೆ 55 ಮಂದಿ ಮಧುಮೇಹಿಗಳಾದರು. ಊಟ ತಿದ್ದಿಕೊಂಡು ದಿನವೂ ಬಿರುಸಾಗಿ ನಡೆದವರಲ್ಲಿ 39 ಮಂದಿ. ಅವರ ತೂಕ ಹೆಚ್ಚೇನೂ ಇಳಿದಿರಲಿಲ್ಲ, ಆದರೂ ಫಲ ಸಿಕ್ಕಿತು. 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ವರದಿಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಇಷ್ಟು ಜನರನ್ನು ಮಾತ್ರೆಯೊಂದರಿಂದಲೇ ಕಾಯಲು ಆಗುವುದಿಲ್ಲ.

ಇಲ್ಲಿಯೇ ನಿಮ್ಮ ಚಿತ್ರಕಲೆ ಬೇಕಾಗುವುದು. ನಡೆಯಿರಿ ಎಂದು ಹೇಳುವುದು ಸುಲಭ. ಎಲ್ಲಿ ನಡೆಯಬೇಕು? ನಿಮ್ಮ ತಾಯಿ ಬೆಳಿಗ್ಗೆ ನಿರ್ಭಯವಾಗಿ ನಡೆಯುವ ರಸ್ತೆ ಊರಿನಲ್ಲಿ ಇದೆಯೇ? ಅಕ್ಕ ತಂಗಿಯರು ಆಡುವ ಮೈದಾನ ಇದೆಯೇ? ನೀವು ಮನೆಗೆ ಹಿಂತಿರುಗಿದ ಮೇಲೆ ತಂಡ ಕಟ್ಟಿಕೊಂಡು ನಿಮ್ಮ ಮೊಹಲ್ಲಾದ, ಲೈನ್‌ಮನೆಯ, ಬೀದಿಯ ದೊಡ್ಡ ಚಿತ್ರ ಬರೆಯಿರಿ. ಬೇಕರಿ ಮತ್ತು ಕರಿದ ತಿಂಡಿಯ ಅಂಗಡಿಗಳಿಗೆ ಕೆಮ್ಮಣ್ಣು ಹಚ್ಚಿ. ತರಕಾರಿ ಹಿತ್ತಿಲಿಗೆ ಸೊಪ್ಪಿನ ಹಸಿರು, ಮೈದಾನಕ್ಕೆ ಅರಿಸಿನ ಬಳಸಿ. ನಡೆಯುವ ದಾರಿಗೆ ಮದ್ದು ಸೊಪ್ಪಿನ ನೇರಳೆ ರಸ ಇರಲಿ. ಮುಚ್ಚಿಹೋದ ಕಾಲುದಾರಿ, ಮಣ್ಣು ತುಂಬಿದ ಕೆರೆಗಳನ್ನು ಇದ್ದಿಲಿನಿಂದ ಗುರುತಿಸಿ. ಅಜ್ಜಿಯರನ್ನು ಕೇಳಿ, ಮಳೆಗಾಲದಲ್ಲಿ ಏನು ತಿನ್ನುತ್ತಿದ್ದರೆಂದು. ಕಣಿಲೆ, ಕೆಸು, ಅಣಬೆ ಎಲ್ಲಿ ಸಿಗುತ್ತಿತ್ತೆಂದು ಬರೆದುಕೊಳ್ಳಿ. ಈ ಕಾಡನ್ನು ನಮಗಿಂತ ಚೆನ್ನಾಗಿ ಬಲ್ಲ ಜೇನುಕುರುಬ ಹಿರಿಯರನ್ನೂ ಗೌರವದಿಂದ ಕೇಳಿ ತಿಳಿಯಿರಿ.

ಚಿತ್ರ ಮುಗಿದ ಮೇಲೆ ಅದನ್ನು ಶಾಲೆಯ ಗೋಡೆಗೆ ಮಾತ್ರ ಅಂಟಿಸಬೇಡಿ. ಸಂಘದ ಸಭೆಗೆ ತನ್ನಿ, ಪಂಚಾಯಿತಿಗೂ ಒಯ್ಯಿರಿ. ಕೆಮ್ಮಣ್ಣಿನ ಚುಕ್ಕೆಗಳು ಎಷ್ಟು, ಅರಿಸಿನದ ಚುಕ್ಕೆಗಳು ಎಷ್ಟು ಎಂದು ಹಿರಿಯರೇ ಎಣಿಸಲಿ. ಯಾರನ್ನೂ ದಪ್ಪಗಿದ್ದಾರೆಂದು ಹಂಗಿಸದೆ, ಊರು ಹೇಗಿದೆ ಎಂದು ತೋರಿಸುವ ಶಕ್ತಿ ಚಿತ್ರಕ್ಕಿದೆ.

ಹಿರಿಯರಲ್ಲಿ ಒಂದು ವಿನಂತಿ. 30 ವರ್ಷ ದಾಟಿದವರು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ, ರಕ್ತದೊತ್ತಡ ತಪಾಸಣೆ ಮಾಡಿಸಿಕೊಳ್ಳಿ. ಸಂಘವು ಮುಂದಿನ ವರ್ಷದಿಂದ ಪುಸ್ತಕ, ಶುಲ್ಕಗಳ ಜೊತೆಗೆ ಹೆಣ್ಣುಮಕ್ಕಳ ಆಟಕ್ಕೆ ಒಂದು ಜಾಗವನ್ನೂ ಹುಡುಕಿಕೊಡಲಿ. ಅದೂ ವಿದ್ಯೆಯ ಕೆಲಸವೇ.