ಪೇದೆಯ ದೂರು



ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿಯೋ ಚಿಂತಾಮಣಿಯ ಪೇಟೆಯಲ್ಲಿಯೋ ನಿಂತಿರತಕ್ಕ ಪೋಲೀಸ್ ಪೇದೆಯನ್ನು ನಾವೆಲ್ಲರೂ ಕಂಡಿರುವೆವು. ನಮ್ಮ ದೂರನ್ನು ಬರೆದುಕೊಳ್ಳುವ ಆತನಿಗೂ ದೂರುಂಟೆಂಬುದು ನಮಗೆ ಹೊಳೆಯುವುದು ಅಪೂರ್ವ. ಪೇದೆಯೆಂದರೆ ಈಗ ಹೆಂಗಸರೂ ಸೇರಿದರೆನ್ನಿ.

ಇತರ ನೌಕರರು ಸಂಘ ಕಟ್ಟಿ ತಮ್ಮ ಕಷ್ಟವನ್ನು ಸರ್ಕಾರದ ಕಿವಿಗೆ ಮುಟ್ಟಿಸಬಲ್ಲರು. ಪೇದೆಗೆ ಆ ದಾರಿ ಕಿರಿದು. ಸಂವಿಧಾನದ ೩೩ನೆಯ ವಿಧಿಯನ್ನು ಆಧರಿಸಿ ೧೯೬೬ರಲ್ಲಿ ಪಾರ್ಲಿಮೆಂಟು ಮಾಡಿದ ಶಾಸನದಂತೆ, ಸ್ಪಷ್ಟವಾದ ಅನುಮತಿಯಿಲ್ಲದೆ ಆತನು ಕಾರ್ಮಿಕ ಸಂಘವನ್ನು ಸೇರಕೂಡದು. ಸಂಬಳ ಸಾಲದು, ರಜೆ ಸಿಕ್ಕದು, ಮೇಲಧಿಕಾರಿಗಳ ಮನೆಚಾಕರಿ ತಪ್ಪದು ಎಂದು ಬೇಸತ್ತ ಕರ್ನಾಟಕದ ಪೇದೆಗಳು ೨೦೧೬ರ ಜೂನ್ ೪ರಂದು ಒಟ್ಟಾಗಿ ರಜೆ ಹಾಕಲು ಹೊರಟಾಗ, ಸರ್ಕಾರವು ಅಗತ್ಯ ಸೇವೆಗಳ ಶಾಸನವನ್ನು ಮುಂದೊಡ್ಡಿ ತಡೆಯಿತು. ಆ ಬಳಿಕ ಔರಾದ್ಕರ್ ಸಮಿತಿ ಕುಳಿತು, ೨೦೧೯ರಲ್ಲಿ ಸಂಬಳದ ಪರಿಷ್ಕರಣೆಯೇನೋ ಆಯಿತು.

ಇದು ಅವರ ಮನೆಯ ಜಗಳ, ನಮಗೇನು ಎನ್ನುವಿರಾ? ೧೯೩೮ರ ಏಪ್ರಿಲ್ ೨೫ರಂದು, ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ, ಧ್ವಜಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಪೋಲೀಸರ ಗುಂಡು ಹಾರಿತು. ಅಂಥ ಗಳಿಗೆಯಲ್ಲಿ ಬಂದೂಕು ಹಿಡಿದವನೊಬ್ಬನು ‘ಇದು ನ್ಯಾಯವಲ್ಲ’ ಎಂದು ಹಿಂಜರಿದರೆ, ಮರುದಿನ ಅವನ ಅನ್ನದ ಗತಿಯೇನು? ಒಂದು ಮಾತಿಗೆ ಕೆಲಸ ಕಳೆದುಕೊಳ್ಳುವವನು ಅಕ್ರಮವಾದ ಆಜ್ಞೆಯನ್ನು ಮೀರಲಾರನು.

ಆ ಭಯಕ್ಕೆ ಮದ್ದಾಗಿ ಬಂದದ್ದು ಸಂವಿಧಾನದ ೩೧೧ನೆಯ ವಿಧಿ. ಮಾತು ಹೊಸದಲ್ಲ, ೧೯೩೫ರ ಭಾರತ ಸರ್ಕಾರದ ಶಾಸನದಲ್ಲಿಯೂ ಇತ್ತು. ನೇಮಿಸಿದ ಅಧಿಕಾರಿಗಿಂತ ಕೆಳಗಿನವನು ನೌಕರನನ್ನು ವಜಾ ಮಾಡಕೂಡದು. ವಜಾ ಮಾಡುವ ಮುನ್ನ, ದರ್ಜೆ ಇಳಿಸುವ ಮುನ್ನ, ಆರೋಪವನ್ನು ತಿಳಿಸಿ, ಅವನ ಸಮಾಧಾನವನ್ನು ಕೇಳಿ, ವಿಚಾರಣೆ ನಡೆಸತಕ್ಕದ್ದು. ವಿಚಾರಣೆ ಸಾಧ್ಯವೇ ಇಲ್ಲವೆಂದು ಕಂಡರೆ ಅದನ್ನು ಬಿಡಬಹುದೆಂಬ ಅಪವಾದವೂ ಉಂಟು. ೧೯೮೫ರಲ್ಲಿ ತುಳಸೀರಾಮ ಪಟೇಲರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕಾರಣವನ್ನು ಬರೆದಿಡಬೇಕೆಂಬ ಕಟ್ಟು ಮಾತ್ರ ಉಳಿದಿದೆ. ನನಗೆ ಈ ಬಾಗಿಲು ತುಸು ಅಗಲವಾಯಿತೆನ್ನಿಸುತ್ತದೆ.

ಆದರೆ ಪೇದೆಯ ನಿತ್ಯದ ಭಯ ವಜಾ ಅಲ್ಲ, ವರ್ಗ. ಮಕ್ಕಳ ಶಾಲೆ ನಡೆಯುತ್ತಿರುವಾಗಲೇ ಚಿಂತಾಮಣಿಯಿಂದ ಗೌರಿಬಿದನೂರಿಗೆ ಹೊರಡೆಂದರೆ ೩೧೧ನೆಯ ವಿಧಿ ಬಾಯಿ ತೆರೆಯದು. ೨೦೦೬ರಲ್ಲಿ ಪ್ರಕಾಶ್ ಸಿಂಗರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ವರ್ಗಾವಣೆಗಳಿಗೆ ಪೋಲೀಸ್ ಸಿಬ್ಬಂದಿ ಮಂಡಳಿಯಿರಬೇಕೆಂದಿತು. ಕರ್ನಾಟಕವು ೨೦೧೨ರಲ್ಲಿ ತನ್ನ ಶಾಸನವನ್ನು ತಿದ್ದಿತು. ಮಂಡಳಿಯಲ್ಲಿ ಕೂರುವವರೆಲ್ಲರೂ ಮೇಲಧಿಕಾರಿಗಳೇ.

ಇನ್ನುಳಿದದ್ದು ಮೇಲ್ಮನವಿ, ಅದಕ್ಕೂ ಮುಂದೆ, ೧೯೮೬ರಲ್ಲಿ ಏರ್ಪಟ್ಟ ರಾಜ್ಯ ಆಡಳಿತ ನ್ಯಾಯಮಂಡಳಿ. ಅದಿರುವುದು ಬೆಂಗಳೂರಿನಲ್ಲಿ. ವಕೀಲರನ್ನು ಕಾಣಲು ಚಿಕ್ಕಬಳ್ಳಾಪುರದಿಂದ ಹೊರಡುವ ಪೇದೆ ಒಂದು ದಿನದ ರಜೆ ಕೇಳಬೇಕು. ದೂರಿರುವುದು ರಜೆ ಸಿಗದೆಂದು. ರಜೆ ಕೊಡಬೇಕಾದವರು, ದೂರು ಯಾರ ಮೇಲೋ ಅವರೇ.